ಸೇಂಟ್ ವಿನ್ಸೆಂಟ್ ಜನ ‘ಬೇಡ’ ಎಂದದ್ದು ಯಾವುದಕ್ಕೆ?

2024ರ ಟಿ20 ವಿಶ್ವಕಪ್‌ನಲ್ಲಿ ಅಫ್ಗಾನಿಸ್ತಾನ ಆಸ್ಟ್ರೇಲಿಯಾವನ್ನು ಮಣಿಸಿದ ಆರ್ನಸ್ ವೇಲ್ ಮೈದಾನ ಕ್ರಿಕೆಟ್ ಪ್ರಿಯರಿಗೆ ನೆನಪಿರಬಹುದು. ಅದಿರುವುದು ಸೇಂಟ್ ವಿನ್ಸೆಂಟ್ ಅಂಡ್ ದಿ ಗ್ರೆನಡೀನ್ಸ್ ಎಂಬ ಕೆರಿಬಿಯನ್ ದ್ವೀಪರಾಷ್ಟ್ರದಲ್ಲಿ. ಜನಸಂಖ್ಯೆ ಸುಮಾರು ಒಂದು ಲಕ್ಷ. ಹೊಸ ಸಂವಿಧಾನ ಬೇಕೇ ಎಂದು 2009ರ ನವೆಂಬರ್ 25ರಂದು ಅಲ್ಲಿ ಜನಮತಗಣನೆ ನಡೆಯಿತು. ಬೇಕು ಎಂದವರು 22,493, ಬೇಡ ಎಂದವರು 29,019.

‘ಜನ ಬ್ರಿಟಿಷ್ ರಾಣಿಯನ್ನೇ ಬಯಸಿದರು’ ಎಂಬ ಮಾತು ಆಮೇಲೆ ಹಬ್ಬಿತು. ಆದರೆ ಮತಪತ್ರದಲ್ಲಿ ರಾಣಿಯ ಬಗ್ಗೆ ಪ್ರತ್ಯೇಕ ಪ್ರಶ್ನೆಯೇ ಇರಲಿಲ್ಲ. ಇಡೀ ಮಸೂದೆ ಒಪ್ಪಿಗೆಯೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ರಾಣಿಯ ಬದಲು ಸಂಸತ್ತು ಆರಿಸುವ ಅಧ್ಯಕ್ಷ, ಲಂಡನ್ನಿನ ಪ್ರಿವಿ ಕೌನ್ಸಿಲ್ ಬದಲು ಕೆರಿಬಿಯನ್ ನ್ಯಾಯಾಲಯ, ಇನ್ನೂ ಹತ್ತಾರು ಬದಲಾವಣೆಗಳು ಆ ಒಂದೇ ಮಸೂದೆಯಲ್ಲಿದ್ದವು. ಪ್ರಧಾನಿ ರಾಲ್ಫ್ ಗೊನ್ಸಾಲ್ವೆಸ್ ಇದರ ಪರ ಪ್ರಚಾರ ಮಾಡಿದರು. ವಿರೋಧ ಪಕ್ಷ ಎನ್‌ಡಿಪಿ ‘ಬೇಡ’ ಎನ್ನಿ ಎಂದಿತು. ಪ್ರಧಾನಿಯ ಅಧಿಕಾರಕ್ಕೆ ಸಾಕಷ್ಟು ಕಡಿವಾಣ ಬಿದ್ದಿಲ್ಲ ಎಂಬುದು ಅದರ ವಾದ. ಹಾಗಾಗಿ ರಾಣಿ ಬೇಡವೆನ್ನುವವನೂ ಮಸೂದೆಯನ್ನು ತಿರಸ್ಕರಿಸಬಹುದಿತ್ತು. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೇಳಿದ್ದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ. ನೆರೆಯ ಗ್ರೆನಡಾ 2016ರಲ್ಲಿ ಏಳು ಮಸೂದೆಗಳನ್ನು ಬೇರೆ ಬೇರೆಯಾಗಿ ಜನರ ಮುಂದಿಟ್ಟಿತು. ಏಳೂ ಬಿದ್ದುಹೋದವು, ನಿಜ. ಆದರೂ ಯಾವುದಕ್ಕೆ ಎಷ್ಟು ಬೆಂಬಲವಿತ್ತೆಂದು ಅಲ್ಲಿ ಗೊತ್ತಾಯಿತು.

ಅರ್ಧಕ್ಕಿಂತ ಒಂದು ಮತ ಹೆಚ್ಚು ಬಿದ್ದರೆ ಸಾಕು ಎಂಬುದೂ ಇಲ್ಲಿ ಸಲ್ಲದು. 1979ರ ಸ್ವಾತಂತ್ರ್ಯದ ಜೊತೆ ಬಂದ ಸಂವಿಧಾನದ ಮುಖ್ಯ ವಿಧಿಗಳನ್ನು ಬದಲಿಸಲು ಸಿಂಧು ಮತಗಳಲ್ಲಿ ಮೂರನೇ ಎರಡರಷ್ಟು ಬೇಕು. ಎಂದರೆ ಅಂದು ಸುಮಾರು 34 ಸಾವಿರ ಮತ ಬೇಕಿತ್ತು.

ಗಣರಾಜ್ಯವಾದರೆ ಕಾಮನ್‌ವೆಲ್ತ್ ಬಿಡಬೇಕಾಗುತ್ತದೆ ಎಂದು ನಂಬುವವರಿಗೆ ನಮ್ಮ ದೇಶವೇ ಉತ್ತರ. 1949ರ ಲಂಡನ್ ಘೋಷಣೆ ದಾರಿ ಮಾಡಿಕೊಟ್ಟದ್ದರಿಂದ 1950ರಲ್ಲಿ ಗಣರಾಜ್ಯವಾದ ಭಾರತ ಒಕ್ಕೂಟದಲ್ಲೇ ಉಳಿಯಿತು.

ಜನಮತಗಣನೆ ಎಲ್ಲೆಡೆ ಕಡ್ಡಾಯವೂ ಅಲ್ಲ. 1992ರಲ್ಲಿ ಮಾರಿಷಸ್, 2021ರಲ್ಲಿ ಬಾರ್ಬಡೋಸ್ ಸಂಸತ್ತಿನ ನಿರ್ಣಯದಿಂದಲೇ ಗಣರಾಜ್ಯವಾದವು. ಆಯಾ ದೇಶದ ಸಂವಿಧಾನ ಏನು ಹೇಳುತ್ತದೋ ಅದೇ ಅಂತಿಮ.

ಜನಮತಗಣನೆಯಲ್ಲಿ ಸೋತ ಸರ್ಕಾರಕ್ಕೆ ಉಳಿಗಾಲವಿಲ್ಲ ಎಂಬ ಎಣಿಕೆಯೂ ಸುಳ್ಳಾಯಿತು. 2010ರ ಡಿಸೆಂಬರ್‌ನಲ್ಲಿ ಗೊನ್ಸಾಲ್ವೆಸ್ ಪಕ್ಷ 15ರಲ್ಲಿ 8 ಸ್ಥಾನ ಗೆದ್ದು ಅಧಿಕಾರ ಉಳಿಸಿಕೊಂಡಿತು. ಸಂವಿಧಾನ ಮಾತ್ರ ಹಳೆಯದೇ ಉಳಿಯಿತು.

ಜಮೈಕಾದಲ್ಲೂ ರಾಜಪ್ರಭುತ್ವ ಕೊನೆಗೊಳ್ಳಬೇಕಾದರೆ ಜನಮತಗಣನೆ ನಡೆಯಲೇಬೇಕು. ಅಂಥ ಸುದ್ದಿ ಬಂದ ದಿನ, ಫಲಿತಾಂಶಕ್ಕೆ ಮೊದಲು ಮತಪತ್ರದಲ್ಲಿದ್ದ ಪ್ರಶ್ನೆಯನ್ನು ಓದಿ.