ಹಕ್ಕಿಯೆಂದರೆ ಯಾವ ಹಕ್ಕಿ?

ಸ್ಮರಣ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದ್ದರು. ಒಂದೇ ಒಂದು ನೆನಪಿನಿಂದ ಆರಂಭಿಸಿ ಬೇರೊಂದು ವಿಷಯಕ್ಕೆ ಸಾಗುತ್ತಿದ್ದೇನೆ. ಹಳೆ ವಿದ್ಯಾರ್ಥಿಗಳು ಮನ್ನಿಸಬೇಕು.

ಮೂರನೆಯ ತರಗತಿಯಲ್ಲಿ ಒಮ್ಮೆ, "ಒಂದು ಹಕ್ಕಿಯ ಹೆಸರು ಹೇಳಿ" ಎಂದೆ. ಕಾಗೆ, ಗಿಳಿ, ಗುಬ್ಬಿ ಎಂದು ಮಕ್ಕಳು ಕೂಗಿದರು. ಹಿಂದಿನ ಬೆಂಚಿನ ಹುಡುಗನೊಬ್ಬ "ಕೋಳಿ" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆ ವರ್ಷವಿಡೀ ಅವನು ಮತ್ತೆ ಕೈ ಎತ್ತಲಿಲ್ಲ. ಅವನ ಉತ್ತರದಲ್ಲಿ ತಪ್ಪಿರಲಿಲ್ಲ. ನಗು ಏಕೆ ಬಂತೆಂಬುದು ನನಗೆ ಬಹುಕಾಲದ ಮೇಲೆ ತಿಳಿಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೀನರ್ ರಾಶ್ ಅವರು 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಹಕ್ಕಿ, ಹಣ್ಣು, ಪೀಠೋಪಕರಣ ಮೊದಲಾದ ಪಟ್ಟಿಗಳನ್ನು ಕೊಟ್ಟು, ಪ್ರತಿಯೊಂದೂ ತನ್ನ ವರ್ಗಕ್ಕೆ ಎಷ್ಟು ಒಳ್ಳೆಯ ಉದಾಹರಣೆಯೆಂದು 1ರಿಂದ 7ರವರೆಗೆ ಅಂಕ ಹಾಕಿಸಿದ್ದರು. ಹಕ್ಕಿಗಳಲ್ಲಿ ಅವರ ಹಿತ್ತಲಿನ ರಾಬಿನ್ ಮೊದಲು, ಪೆಂಗ್ವಿನ್ ತೀರ ಹಿಂದೆ. ಹಣ್ಣುಗಳಲ್ಲಿ ಕಿತ್ತಳೆ, ಸೇಬು ಮುಂದೆ. ತೆಂಗು ಬಹಳ ಕೆಳಗೆ. (ನಮ್ಮ ಕಾಸರಗೋಡಿನಲ್ಲಿ ಅದು ಆ ಪಟ್ಟಿಗೇ ಸೇರದು, ಅದು ಕಾಯಿ!) ಎಂದರೆ ವರ್ಗವೆಂಬುದು ಬೇಲಿ ಹಾಕಿದ ಗದ್ದೆಯಲ್ಲ, ಅದಕ್ಕೊಂದು ನಡುಮನೆಯಿದೆ, ಜಗಲಿಯಿದೆ. ನಮ್ಮ ಕೋಳಿ ಜಗಲಿಯ ಮೇಲಿತ್ತು.

ಈಗ ಕೇಳಿದ ಪ್ರಶ್ನೆಗೆ ಉತ್ತರ ಬರೆಯುವ ಯಂತ್ರಗಳು ಬಂದಿವೆ. ಭಾಷಾ ಮಾದರಿಗಳೆಂದು ಅವುಗಳ ಹೆಸರು. ರಾಶಿ ರಾಶಿ ಬರಹವನ್ನು ಓದಿ, ಯಾವ ಪದದ ಬಳಿಕ ಯಾವುದು ಬರಬಹುದೆಂದು ಕಲಿತವು. ಈ ನಡುಮನೆ, ಜಗಲಿಗಳ ಭೇದ ಅವಕ್ಕೆ ತಿಳಿದಿದೆಯೇ? 2021ರಲ್ಲಿ ಅಮೆರಿಕದ ಮೂವರು ಸಂಶೋಧಕರು ಅಂದಿನ ಇಂಗ್ಲಿಷ್ ಮಾದರಿಗಳನ್ನು ಪರೀಕ್ಷಿಸಿದರು. ಮನುಷ್ಯರ ತೀರ್ಮಾನದೊಂದಿಗೆ ಹೊಂದಿಕೆ ಇಲ್ಲದಿಲ್ಲ, ಆದರೆ ಸಾಧಾರಣ. ಬರಹವೊಂದರಿಂದಲೇ ಈ ತಿಳಿವು ಪೂರ್ತಿಯಾಗಿ ದಕ್ಕದು ಎಂದು ಅವರ ಅಭಿಪ್ರಾಯ. ನನಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಕಾಗೆ ಹಕ್ಕಿಯೆಂದು ಯಾರೂ ಬರೆದಿಡುವುದಿಲ್ಲ. ಎಲ್ಲರಿಗೂ ಗೊತ್ತಿರುವುದು ಬರಹಕ್ಕೆ ಇಳಿಯುವುದೇ ಕಡಿಮೆ. ಕೋಳಿಯ ಮಾತಾದರೋ ಅಡುಗೆಯಲ್ಲಿ, ಮಾರುಕಟ್ಟೆಯಲ್ಲಿ, ಸುದ್ದಿಯಲ್ಲಿ ಎಲ್ಲೆಲ್ಲೂ.

ಆ ಬರಹದಲ್ಲಿ ನಮ್ಮ ಪಾಲೆಷ್ಟು? ಇಂಗ್ಲಿಷಿನ ಮುಂದೆ ಕನ್ನಡದ್ದು ಬಹು ಸಣ್ಣದು. ಗಡಿಯಾಚೆಯ ನಮ್ಮ ಕನ್ನಡದ್ದು ಇನ್ನೂ ಸಣ್ಣದು. ಮೊಮ್ಮಗಳು ಫೋನಿನಲ್ಲಿ ಕನ್ನಡದಲ್ಲೇ ಒಂದು ಹಣ್ಣಿನ ಹೆಸರು ಕೇಳಿದಳು. "ಸೇಬು" ಎಂದು ಬಂತು. ನಮ್ಮ ಹಿತ್ತಲಲ್ಲಿ ಇರುವುದು ಹಲಸು. "ಹಲಸು ಹಣ್ಣಲ್ಲವೋ ಕೇಳು ಮಗಾ" ಎಂದೆ. ಹೌದೆಂದಿತು. ಕೋಳಿ ಹಕ್ಕಿಯೇ ಎಂದೂ ಕೇಳಿಸಿದೆ. ನಗದೆ ಹೌದೆಂದಿತು.