ಅಕ್ಕನ ಸಹಿ

ನಮ್ಮ ಮನೆಯ ಕಾಗದಪತ್ರಗಳ ಪೆಟ್ಟಿಗೆಯಲ್ಲಿ 2006ರ ಹಕ್ಕು ಬಿಡುಗಡೆ ಪತ್ರವೊಂದಿದೆ. ಪಿತ್ರಾರ್ಜಿತ ಜಮೀನಿನಲ್ಲಿ ತಮಗಿರುವ ಹಕ್ಕನ್ನು ‘ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ’ ಸಹೋದರನಿಗೆ ಬಿಟ್ಟುಕೊಟ್ಟಿರುವುದಾಗಿ ಅಕ್ಕ ಮತ್ತು ತಂಗಿ ಅದಕ್ಕೆ ಸಹಿ ಹಾಕಿದ್ದಾರೆ. ಆ ಸಹೋದರ ನಾನೇ.

ಅಕ್ಕನ ಮದುವೆಯಾದದ್ದು 1994ರ ಮೇ ತಿಂಗಳಲ್ಲಿ, ತಂಗಿಯದು 1997ರಲ್ಲಿ. ಇವೆರಡರ ನಡುವೆ, 1994ರ ಜುಲೈ 30ರಂದು, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಜಾರಿಗೆ ಬಂತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು ಸಾರಿದ ಆ ಪ್ರಗತಿಪರ ಕಾನೂನು, ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಆಷಾಢಕ್ಕೆ ಮೊದಲೇ ಮದುವೆ ಮುಗಿಯಬೇಕೆಂದು ಅಪ್ಪ ಅವಸರಪಟ್ಟಿದ್ದರು. ಮುಹೂರ್ತ ಶ್ರಾವಣಕ್ಕೆ ಹೋಗಿದ್ದರೆ ಅಕ್ಕನೂ ತಂಗಿಯಂತೆ ಪಾಲುದಾರಳಾಗುತ್ತಿದ್ದಳು!

2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಈ ಭೇದವನ್ನು ಅಳಿಸಿತು. ಆ ಸುದ್ದಿ ತಿಳಿದ ಮೇಲೆಯೇ ಊರಿನ ಹಿರಿಯರೊಬ್ಬರು, ‘ಈಗಲೇ ಕಾಗದ ಮಾಡಿಸಿಕೋ, ನಾಳೆ ಅಳಿಯಂದಿರ ಮಾತು ಬದಲಾದೀತು’ ಎಂದು ನನಗೆ ಬುದ್ಧಿ ಹೇಳಿದ್ದು. ಹಕ್ಕು ಕೊಟ್ಟ ಕಾನೂನೇ ಹಕ್ಕು ಬಿಡಿಸಿಕೊಳ್ಳುವ ಆತುರಕ್ಕೂ ಕಾರಣವಾಯಿತು.

ಉಪನೋಂದಣಾಧಿಕಾರಿ ಕಚೇರಿಯ ಆ ಮಧ್ಯಾಹ್ನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ‘ಒಪ್ಪಿಗೆ ಇದೆಯೇನಮ್ಮಾ?’ ಎಂದು ಅಧಿಕಾರಿ ಕೇಳಿದಾಗ ಅಕ್ಕ ಅಮ್ಮನ ಮುಖ ನೋಡಿದಳು, ಆಮೇಲೆ ತಲೆಯಾಡಿಸಿದಳು. ಹೊರಗೆ ಬಂದಮೇಲೆ ‘ತವರಿನ ಬಾಗಿಲೊಂದು ತೆರೆದಿದ್ದರೆ ಸಾಕು’ ಎಂದಳು. ಯಾರೂ ಅದನ್ನು ಮುಚ್ಚುತ್ತೇವೆಂದಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಇಬ್ಬರಿಗೂ ಅರಿಶಿನ ಕುಂಕುಮದ ಜೊತೆ ಒಂದೊಂದು ರೇಷ್ಮೆ ಸೀರೆ ಕೊಟ್ಟೆ. ಧಾರಾಳವಾಗಿಯೇ ಕೊಟ್ಟೆನೆಂದು ಅಂದು ಅನ್ನಿಸಿತ್ತು.

2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಆ ತಿದ್ದುಪಡಿಯ ಹಕ್ಕು ಎಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ 2015ರಲ್ಲಿ ಹೇಳಿತು. ನಮ್ಮಪ್ಪ ತೀರಿಕೊಂಡದ್ದು 2003ರಲ್ಲಿ. ತೀರ್ಪು ಓದಿ ನನಗೆ ಸಮಾಧಾನವಾದದ್ದನ್ನು ಮುಚ್ಚಿಡಲಾರೆ. ಅದು 2020ರ ಆಗಸ್ಟ್ 11ರವರೆಗೆ ಮಾತ್ರ. ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಅಂದು ಬದುಕಿರಬೇಕಾಗಿಲ್ಲ ಎಂದು ನ್ಯಾಯಮೂರ್ತಿ ಅರುಣ್ ಮಿಶ್ರಾ ನೇತೃತ್ವದ ತ್ರಿಸದಸ್ಯ ಪೀಠ ಸ್ಪಷ್ಟಪಡಿಸಿತು. ಆದರೆ ತಾನೇ ಸಹಿ ಹಾಕಿ ನೋಂದಾಯಿಸಿದ ಬಿಡುಗಡೆ ಪತ್ರ ಇದರಿಂದ ತಾನಾಗಿ ರದ್ದಾಗುವುದಿಲ್ಲ. ಬಲವಂತವೋ ವಂಚನೆಯೋ ನಡೆದಿದೆಯೆಂದು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕು. ಅಮ್ಮನ ಮುಖ ನೋಡಿ ತಲೆಯಾಡಿಸಿದ್ದಕ್ಕೆ ಯಾವ ಸಾಕ್ಷಿ ತರುವುದು?

ಮಾರನೆಯ ದಿನ ಅಕ್ಕ ಫೋನ್ ಮಾಡಿದ್ದಳು. ‘ಪೇಪರ್ ನೋಡಿದೆಯಾ?’ ಎಂದಳು. ನೋಡಿದೆನೆಂದೆ. ತುಸು ಹೊತ್ತು ಸುಮ್ಮನಿದ್ದು, ‘ಕೊರೊನಾ ಕಾಲ, ಈ ಸಲ ಗೌರಿ ಬಾಗಿನ ತರುತ್ತೇನೆಂದು ಹೊರಡಬೇಡಪ್ಪಾ’ ಎಂದಳು.

ಅವರಿಬ್ಬರ ಪಾಲನ್ನು ನಾನೇ ಬರೆದುಕೊಡಬಹುದೇ ಎಂದು ಈಚೆಗೆ ವಕೀಲ ಮಿತ್ರರೊಬ್ಬರನ್ನು ಕೇಳಿದೆ. ಧಾರಾಳವಾಗಿ ಬರೆಯಬಹುದು, ಆದರೆ ಈಗ ನಿಮ್ಮ ಮಗನ ಒಪ್ಪಿಗೆಯಷ್ಟೇ ಸಾಲದು, ಮಗಳ ಸಹಿಯೂ ಬೇಕು ಎಂದರು. ಮನೆಯಲ್ಲಿ ಇನ್ನೂ ಪ್ರಸ್ತಾಪಿಸಿಲ್ಲ.