ಎರಡು ನೊಣ, ಎರಡು ಉಪಾಯ

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಆಂಡರ್ಸನ್‌ಪೇಟೆ, ಬಂಗಾರಪೇಟೆ ಸುತ್ತಿನ ಸಣ್ಣ ರೈತರಿಗೆ ಮಾವು ಮತ್ತು ರೇಷ್ಮೆಯೇ ಆಸರೆ. ಈ ಎರಡಕ್ಕೂ ಒಂದೊಂದು ನೊಣ ಶತ್ರುವಾಗಿದೆ. ಇವುಗಳ ಕಥೆಯಿಂದ ಕಾಫಿ, ಅಡಿಕೆ ಬೆಳೆಗಾರರೂ ಕಲಿಯುವುದಿದೆ.

ಊಜಿ ನೊಣ 1980ರಲ್ಲಿ ಬಂಗಾಳದ ಕಡೆಯಿಂದ ರೇಷ್ಮೆಗೂಡಿನೊಡನೆ ಕರ್ನಾಟಕಕ್ಕೆ ಬಂತು. ಮನೆನೊಣಕ್ಕಿಂತ ದೊಡ್ಡದು, ಬೂದು ಬಣ್ಣ, ಬೆನ್ನಿನ ಮೇಲೆ ಕಪ್ಪು ಗೆರೆಗಳು. ಇದು ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಎರಡು ಮೂರು ದಿನಗಳಲ್ಲಿ ಮರಿ ಹೊರಬಂದು ಹುಳುವಿನೊಳಗೆ ಹೊಕ್ಕು ತಿನ್ನುತ್ತದೆ. ಹೊಕ್ಕ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ. ಹುಳು ಗೂಡು ಕಟ್ಟುವ ಮೊದಲೇ ಸಾಯಬಹುದು. ಕಟ್ಟಿದರೂ ಮರಿ ಗೂಡನ್ನು ತೂತು ಮಾಡಿ ಹೊರಬರುವುದರಿಂದ ನೂಲು ಬಿಚ್ಚಲು ಬರುವುದಿಲ್ಲ.

ಹಣ್ಣಿನ ನೊಣದ ರೀತಿಯೇ ಬೇರೆ. ಹಳದಿ ಮಿಶ್ರಿತ ಕಂದು ಬಣ್ಣ, ನೋಡಲು ಕಣಜದಂತೆ. ಹೆಣ್ಣು ತನ್ನ ಬಾಲದ ಸೂಜಿಯನ್ನು ಬಲಿತ ಕಾಯಿಗೆ ಚುಚ್ಚಿ ಸಿಪ್ಪೆಯಡಿ ಮೊಟ್ಟೆಯಿಡುತ್ತದೆ. ಹೊರಗೆ ಚೆನ್ನಾಗಿ ಕಂಡ ಹಣ್ಣು ಒಳಗೆ ಹುಳುವಾಗಿರುತ್ತದೆ. ಇದೇ ಜಾತಿಯ ನೊಣಗಳ ಕಾರಣದಿಂದ ಐರೋಪ್ಯ ಒಕ್ಕೂಟವು 2014ರ ಮೇ 1ರಿಂದ ಭಾರತದ ಮಾವನ್ನು ತಡೆಹಿಡಿದು, 2015ರಲ್ಲಿ ಬಿಟ್ಟಿತು.

ಎರಡಕ್ಕೂ ಒಂದೇ ಮದ್ದು ನಡೆಯದು. ಹುಳುಮನೆಯಲ್ಲಿ ಕೀಟನಾಶಕ ಸಿಂಪಡಿಸಿದರೆ ನೊಣಕ್ಕಿಂತ ಮೊದಲು ರೇಷ್ಮೆಹುಳುವೇ ಸಾಯುತ್ತದೆ. ಆದುದರಿಂದ ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟುತ್ತಾರೆ. ಊಜಿ ಕೋಶದಲ್ಲಿ ಮೊಟ್ಟೆಯಿಡುವ ಸಣ್ಣ ಕಣಜವನ್ನೂ ಬಿಡುತ್ತಾರೆ. ಮಾವಿನ ತೋಪಿಗೆ ಪರದೆ ಕಟ್ಟಲಾಗದು. ಸಿಪ್ಪೆಯೊಳಗಿನ ಮರಿಗೆ ಸಿಂಪರಣೆಯೂ ತಾಗದು. ಅಲ್ಲಿ ಮೀಥೈಲ್ ಯೂಜಿನಾಲ್ ಬಲೆಯೇ ದಾರಿ. ಇದರ ವಾಸನೆಗೆ ಗಂಡು ನೊಣ ಓಡಿಬರುತ್ತದೆ. ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಎಂಬ ಕೀಟಶಾಸ್ತ್ರಜ್ಞರು ಶತಮಾನದ ಹಿಂದೆಯೇ ಇದನ್ನು ಕಂಡುಕೊಂಡರು. ತುಳಸಿಯಲ್ಲೂ ಈ ದ್ರವ್ಯವಿದೆ.

ಆದರೆ ಒಂದು ವಿಷಯದಲ್ಲಿ ಎರಡೂ ಸಮ. ಹೊಟ್ಟೆ ತುಂಬಿದ ಮರಿ ಕೆಳಗಿಳಿದು ಕೋಶವಾಗುತ್ತದೆ: ಊಜಿ ನೆಲದ ಬಿರುಕಿನಲ್ಲಿ ಅಥವಾ ಮಣ್ಣಿನಲ್ಲಿ, ಹಣ್ಣಿನ ನೊಣ ಮರದಡಿಯ ಮಣ್ಣಿನಲ್ಲಿ. ಶತ್ರು ಕೈಗೆ ಸಿಗುವುದು ಅಲ್ಲಿಯೇ. ಹುಳುಮನೆಯ ನೆಲದ ಬಿರುಕು ಮುಚ್ಚಬೇಕು. ಮರದಡಿಯ ಮಣ್ಣನ್ನು ಕೆದಕಿ ಬಿಸಿಲಿಗೆ ಒಡ್ಡಬೇಕು.

ಬೆಳೆಗಾರ ಬಾಂಧವರೇ, ನಮ್ಮ ಕಾಫಿ ತೋಟದ ಕಿತ್ತಳೆ, ಹಿತ್ತಲಿನ ಸೀಬೆ, ಮಾವು ಎಲ್ಲವೂ ಹಣ್ಣಿನ ನೊಣಕ್ಕೆ ಊಟವೇ. ಉದುರಿದ ಹಣ್ಣನ್ನು ಗೊಬ್ಬರವಾಗಲೆಂದು ಮರದಡಿಯೇ ಬಿಡಬೇಡಿ. ದಿನವೂ ಆರಿಸಿ ಎರಡಡಿ ಆಳದ ಗುಂಡಿಯಲ್ಲಿ ಹೂಳಿರಿ. ಒಬ್ಬರು ಮಾತ್ರ ಮಾಡಿದರೆ ಪಕ್ಕದ ತೋಟದಿಂದ ನೊಣ ಹಾರಿಬರುತ್ತದೆ. ನೆರೆಹೊರೆಯವರೆಲ್ಲ ಕೂಡಿ ಮಾಡಿದರೆ ಫಲ ಖಂಡಿತ.